ಕತ್ತಲಾದ ಮೇಲೆ ತೆರೆಯುವ ಪಾರ್ಕು

ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಊರಿನ ನಾಟ್ಸ್ ಬೆರ್ರಿ ಫಾರ್ಮ್ ಹಗಲಿನಲ್ಲಿ ಮಕ್ಕಳುಮರಿ ನಲಿಯುವ ಮನರಂಜನಾ ಪಾರ್ಕು. ಹ್ಯಾಲೋವೀನ್ ಹತ್ತಿರವಾದಾಗ, ಆಯ್ದ ರಾತ್ರಿಗಳಲ್ಲಿ ಅದು ಸಂಜೆಗೇ ಬಾಗಿಲು ಹಾಕಿ, ಬೇರೆ ಟಿಕೆಟ್ ಕೊಂಡವರಿಗಾಗಿ ‘ನಾಟ್ಸ್ ಸ್ಕೇರಿ ಫಾರ್ಮ್’ ಆಗಿ ಮತ್ತೆ ತೆರೆಯುತ್ತದೆ. 1973ರಲ್ಲಿ ಕೆಲವೇ ರಾತ್ರಿಗಳಿಗೆಂದು ಶುರುವಾದ ಈ ಉತ್ಸವ ಅಮೆರಿಕದ ಪಾರ್ಕುಗಳ ಇಂಥ ಭಯದ ರಾತ್ರಿಗಳಿಗೆಲ್ಲ ಹಿರಿಯಣ್ಣ. ಒರ್ಲ್ಯಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಿ ಇಂಥದ್ದೇ ಉತ್ಸವ ಆರಂಭವಾದದ್ದು 1991ರಲ್ಲಿ.

ಒಳಗೆ ನಡೆದು ಹಾಯುವ ಭೂತದ ಮನೆಗಳು ಹಲವಿವೆ. ಆದರೂ ನಿಜವಾದ ಸೊಗಸು ಬಯಲಿನದು. ಪಾರ್ಕಿನ ಸ್ಥಾಪಕ ವಾಲ್ಟರ್ ನಾಟ್ 1940ರಿಂದ ಕಟ್ಟಿಸತೊಡಗಿದ ‘ಘೋಸ್ಟ್ ಟೌನ್’ನ ಹಳೆಯ ಮರದ ಕಟ್ಟಡಗಳ ನಡುವೆ ಯಂತ್ರಗಳು ದಟ್ಟ ಮಂಜು ತುಂಬುತ್ತವೆ. ಅದರೊಳಗಿಂದ ವೇಷ ತೊಟ್ಟ ಕಲಾವಿದರು ಓಡಿಬಂದು, ಮಂಡಿಗೆ ಕಟ್ಟಿದ ಕವಚದ ಮೇಲೆ ನೆಲದಲ್ಲಿ ಜಾರುತ್ತ, ಕಿಡಿ ಹಾರಿಸುತ್ತ ನೋಡುಗರ ಕಾಲಬುಡದಲ್ಲೇ ನಿಲ್ಲುತ್ತಾರೆ. ಈ ಜಾರಾಟ ಹುಟ್ಟಿದ್ದೇ ಇಲ್ಲಿ. ದೇಹವನ್ನು ಪಳಗಿಸದೆ ಒಲಿಯದ ಈ ಕಲೆಗೆ ರಂಗಭೂಮಿಯಷ್ಟೇ ಗೌರವ ಸಲ್ಲಬೇಕು.

ಕಲಾವಿದರು ಪ್ರೇಕ್ಷಕರನ್ನು ಮುಟ್ಟುವಂತಿಲ್ಲ. ಪ್ರೇಕ್ಷಕರು ವೇಷ, ಮುಖವಾಡ ಧರಿಸುವಂತಿಲ್ಲ. ಯಾರು ನಟರು, ಯಾರು ನೋಡುಗರು ಎಂಬ ಗೊಂದಲವಾಗಬಾರದಲ್ಲ. 13 ವರ್ಷಕ್ಕಿಂತ ಚಿಕ್ಕವರಿಗೆ ಇದು ತಕ್ಕುದಲ್ಲವೆಂದು ಪಾರ್ಕೇ ಎಚ್ಚರಿಸುತ್ತದೆ.