ಟಿಪ್ಪಣಿಯೊಳಗೊಂದು ವಿಡಿಯೊ

ಯಕ್ಷಗಾನದ ಹೆಜ್ಜೆಯನ್ನು ಅಕ್ಷರದಲ್ಲಿ ಎಷ್ಟೇ ಬಿಡಿಸಿ ಬರೆದರೂ ಕಾಲು ಎಲ್ಲಿ ಎತ್ತಬೇಕು, ಎಲ್ಲಿ ಊರಬೇಕು ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ. ಪಾಠದ ಸಾಲಿನ ಕೆಳಗೇ ಅರ್ಧ ನಿಮಿಷದ ವಿಡಿಯೊ ಇದ್ದರೆ ಹೊಳೆಯುತ್ತದೆ. ಆದ್ದರಿಂದಲೇ ಬರಹದೊಳಗೆ ವಿಡಿಯೊ ಸೇರಿಸುವುದು ಬರೀ ಅಲಂಕಾರ ಎಂದು ನನಗನ್ನಿಸುವುದಿಲ್ಲ.

ಮೈಕ್ರೋಸಾಫ್ಟ್ ವರ್ಡ್‌ಗೆ ಈ ಸೌಲಭ್ಯ 2013ರ ಆವೃತ್ತಿಯಲ್ಲೇ ಬಂತು. ಗೂಗಲ್ ಡಾಕ್ಸ್‌ನಲ್ಲಿ ಸುಲಭದ ದಾರಿ ಬೇರೆ: ಯೂಟ್ಯೂಬ್ ಕೊಂಡಿಯನ್ನು ಅಂಟಿಸಿ, ಟ್ಯಾಬ್ ಒತ್ತಿದರೆ ಉದ್ದನೆಯ ವಿಳಾಸದ ಜಾಗದಲ್ಲಿ ವಿಡಿಯೊದ ಹೆಸರು ಹೊತ್ತ ಚಿಪ್ ಕೂರುತ್ತದೆ.

ನಿಮ್ಮದೇ ವಿಡಿಯೊ ಡ್ರೈವ್‌ನಲ್ಲಿದ್ದರೆ ಒಂದು ಎಚ್ಚರ ಬೇಕು. ಡಾಕ್ಯುಮೆಂಟ್ ಹಂಚಿಕೊಂಡ ಮಾತ್ರಕ್ಕೆ ವಿಡಿಯೊ ಹಂಚಿದಂತಾಗದು. ಎರಡಕ್ಕೂ ಅನುಮತಿ ಬೇರೆ ಬೇರೆ. ಮಕ್ಕಳು ಮನೆಯಲ್ಲಿ ತೆರೆದಾಗ "ಅನುಮತಿ ಕೇಳಿ" ಎಂಬ ಪರದೆ ಎದುರಾದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಂತಿತು. ಕಳಿಸುವ ಮೊದಲು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ, ಗೊತ್ತಾಗುತ್ತದೆ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ವಿಡಿಯೊ ಹಾಕಿದೆವೆಂದು ವಿವರಣೆಯನ್ನು ಅಳಿಸಬೇಡಿ. ಪ್ರಿಂಟ್ ತೆಗೆದ ಹಾಳೆಯಲ್ಲಿ ವಿಡಿಯೊ ಓಡುವುದಿಲ್ಲ, ನೆಟ್‌ವರ್ಕ್ ಸಿಗದ ಊರಲ್ಲೂ ಓಡುವುದಿಲ್ಲ, ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವುದು ನಿಮ್ಮ ಮಾತುಗಳನ್ನೇ. ಯಾವ ತಾಳ, ಯಾವ ಹೆಜ್ಜೆ, ಏನನ್ನು ಗಮನಿಸಬೇಕು ಎಂದು ಎರಡು ಸಾಲು ಬರೆಯಿರಿ. ಹೆಜ್ಜೆ ಬರುವುದು ಏಳನೇ ನಿಮಿಷದಲ್ಲಾದರೆ ಯೂಟ್ಯೂಬ್‌ನ ಶೇರ್ ಗುಂಡಿ ಒತ್ತಿ, ಆರಂಭದ ಸಮಯಕ್ಕೆ ಗುರುತು ಹಾಕಿಯೇ ಕೊಂಡಿಯನ್ನು ನಕಲಿಸಿ. ವಿಡಿಯೊ ನೇರ ಅಲ್ಲಿಂದಲೇ ಶುರುವಾಗುತ್ತದೆ.