ಹೆಸರಿನ ಊಟ, ಹೊಟ್ಟೆಯ ಊಟ

ಮೈಸೂರು ಎಂದೊಡನೆ ಹೊರನಾಡಿನವರಿಗೆ ನೆನಪಾಗುವುವು ಮಸಾಲೆದೋಸೆ, ಮೈಸೂರುಪಾಕು. ಇಲ್ಲಿಯವರ ನಿತ್ಯದ ಆಹಾರ ಅವೇ ಎಂದು ಹಲವರು ಭಾವಿಸುವುದುಂಟು. ಆದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹಳ್ಳಿಗಳಲ್ಲಿ ಒಲೆಯ ಮೇಲೆ ಕುದಿಯುವುದು ಮುದ್ದೆಯ ಎಸರು. ಜೊತೆಗೆ ಬಸ್ಸಾರು ಅಥವಾ ಉಪ್ಪೆಸರು, ಮಾಗಿಯಲ್ಲಿ ಅವರೆಕಾಳು. ಕಾವೇರಿಯ ನಾಲೆಗಳು ಹರಿಯುವ ಕೃಷ್ಣರಾಜನಗರ ಭತ್ತದ ಸೀಮೆ. ಅಲ್ಲಿಯೂ ಮುದ್ದೆ ಮರೆಯಾಗಿಲ್ಲ. ದೂರದ ಫ್ರಾನ್ಸಿನ ಕತೆಯೂ ಹೀಗೆಯೇ. ಬಸವನಹುಳುವಿನ ಖಾದ್ಯಕ್ಕೆ ಹೆಸರಾದ ಆ ನಾಡಿನ ದಿನನಿತ್ಯದ ಆಹಾರ ಬ್ರೆಡ್ಡು.

ಇಂತಹ ತಪ್ಪುಗ್ರಹಿಕೆ ನಿರಪಾಯಕಾರಿಯಲ್ಲ. ಮುದ್ದೆ ಬಡವರ ಕೂಳೆಂಬ ಮಾತು ಕೇಳಿ, ಅದನ್ನುಂಡು ಬೆಳೆದವರೇ ಅದರ ಹೆಸರು ಹೇಳಲು ನಾಚಿದರು. ವಾಸ್ತವವಾಗಿ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕ ಸುಣ್ಣಾಂಶವಿದೆ. ಅಕ್ಕಿಯಲ್ಲಿ ಅದು ಅತ್ಯಲ್ಪ. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಲೋಕದ ಹೊಗಳಿಕೆಗೆ ಕಾಯದೆ ತನ್ನ ತಟ್ಟೆಯನ್ನು ಗೌರವಿಸುವವನು ಇತರರ ತಟ್ಟೆಯನ್ನೂ ಗೌರವಿಸಬಲ್ಲನು.