ವಿಷಾದಕ್ಕೂ ಯಂತ್ರದ ಕರಡು



2023ರ ಫೆಬ್ರವರಿ 13ರಂದು ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಒಬ್ಬ ಗುಂಡು ಹಾರಿಸಿ ಮೂವರು ವಿದ್ಯಾರ್ಥಿಗಳನ್ನು ಕೊಂದ. ಅದಾದ ಮೇಲೆ ಬೇರೆ ರಾಜ್ಯದ ವಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಪೀಬಾಡಿ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಇಮೇಲ್ ಕಳಿಸ್ತು. ಕಾಳಜಿ, ಗೌರವ, ಎಲ್ಲರನ್ನೂ ಒಳಗೊಳ್ಳೋದು, ಎಲ್ಲಾ ಇತ್ತು. ಕೊನೆಗೆ, ಇದು ಚಾಟ್‌ಜಿಪಿಟಿ ಬಳಸಿ ಬರೆದದ್ದು ಅಂತ ಒಂದು ಸಾಲು. ವಿದ್ಯಾರ್ಥಿಗಳು ರೇಗಿದ್ರು, ಕಾಲೇಜಿನವರು ಕ್ಷಮೆ ಕೇಳಬೇಕಾಯ್ತು. ಕಳಿಸಿದ ವಿಭಾಗ ಯಾವುದು ಗೊತ್ತಾ? ಸಮಾನತೆ, ವೈವಿಧ್ಯದ ಕಚೇರಿ!

ನಮ್ಮ ಕೇರಿ ಹುಡುಗನೊಬ್ಬ ಬೆಂಗಳೂರಲ್ಲಿ ಪಿಆರ್ ಕೆಲಸದಲ್ಲಿದ್ದಾನೆ. ಸಂಸ್ಥೆಗಳ ಪರವಾಗಿ ಇಂಥವನ್ನೇ ಬರೆಯೋ ಕೆಲಸ. ಇದನ್ನ ಹೇಳಿದ್ರೆ ನಕ್ಕುಬಿಟ್ಟ. "ಅಣ್ಣಾ, ಆ ಕೊನೇ ಸಾಲು ಅಳಿಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಅಂದ. ಪತ್ರಿಕಾ ಪ್ರಕಟಣೆ, ಪೋಸ್ಟು, ಸಾಹೇಬ್ರ ಭಾಷಣ, ಮೊದಲ ಕರಡೆಲ್ಲ ಈಗ ಯಂತ್ರದ್ದೇ ಅಂತೆ. "ಕೊನೇಲಿ ಮನುಷ್ಯನ ಕಣ್ಣು ಇದ್ದೇ ಇರತ್ತೆ" ಅಂತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮನೇಲಿ ಮೊದಲು ಓದಿದವನು. ಇಂಗ್ಲಿಷಿಗೆ ಬೆವರುತ್ತಿದ್ದೋನು ಈಗ ಕಾನ್ವೆಂಟ್ ಹುಡುಗರ ಸಮಕ್ಕೆ ಬರೀತಾನೆ. ಅಷ್ಟು ಉಪಕಾರ ಒಪ್ಕೋಬೇಕು.

ಆದ್ರೆ ನಾನೂ ಗುಮಾಸ್ತ. ಕರಡು ಟೈಪ್ ಮಾಡೋದೇ ನನ್ನ ಬದುಕು. ಮುಕ್ಕಾಲು ತೀರ್ಮಾನ ಕರಡಲ್ಲೇ ಆಗಿಹೋಗಿರತ್ತೆ. ಮೇಲಿನವರು ಒಂದೆರಡು ಪದ ತಿದ್ದಿ ಸಹಿ ಹಾಕ್ತಾರೆ. 'ಮನುಷ್ಯನ ಕಣ್ಣು' ಎಷ್ಟು ನೋಡತ್ತೆ ಅಂತ ನಮಗೆ ಗೊತ್ತಿಲ್ವಾ?

ಮ್ಯಾನ್‌ಹೋಲ್‌ನಲ್ಲಿ ನಮ್ಮವರು ಸತ್ತಾಗ ಬರೋ ಪ್ರಕಟಣೆ ನೆನಪು ಮಾಡ್ಕೊಳ್ಳಿ. 'ದುರದೃಷ್ಟಕರ ಘಟನೆ.' 'ತೀವ್ರ ವಿಷಾದ.' 'ತನಿಖೆಗೆ ಸಹಕರಿಸುತ್ತೇವೆ.' ಯಂತ್ರ ಕಲಿಯೋದು ಮನುಷ್ಯರು ಮೊದಲೇ ಬರೆದಿಟ್ಟಿದ್ದನ್ನ ನೋಡಿಯೇ ತಾನೇ? ಅದಕ್ಕೇ ಇಂಥ ಮಾತು ಅದಕ್ಕೆ ಸರಾಗ. ಒಳಗೆ ಇಳಿಸಿದ್ದು ಯಾರು? ಸುರಕ್ಷತಾ ಸಾಧನ ಇಲ್ಲದೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ, ಕೊಟ್ರಾ? ಗುತ್ತಿಗೆದಾರ ಯಾರು? ಇದನ್ನೆಲ್ಲ ಬರಿ ಅಂತ ಯಾರಾದ್ರೂ ಹೇಳಿದ್ರೆ ತಾನೇ ಯಂತ್ರ ಬರೆಯೋದು.

ಹುಡುಗನ್ನ ಕೇಳಿದೆ, "ಅಂಥ ಪ್ರಕಟಣೆ ನಿನ್ ಕೈಗೆ ಬಂದ್ರೆ ಇವನ್ನ ಸೇರಿಸ್ತೀಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದ. "ಕ್ಲೈಂಟ್ ಒಪ್ಪಲ್ಲ ಅಣ್ಣಾ."

ಇನ್ಮೇಲೆ ಯಾವುದೇ ವಿಷಾದದ ಪ್ರಕಟಣೆ ಕಂಡ್ರೂ, ಯಾರು ಬರೆದರು ಅನ್ನೋದು ಆಮೇಲೆ. ಸತ್ತವರ ಹೆಸರು ಇದೆಯಾ ನೋಡಿ. ಇಳಿಸಿದವರ ಹೆಸರು ಇಲ್ಲದಿದ್ರೆ ಅಲ್ಲೇ ಕೆಳಗೆ ಬರೆದು ಕೇಳಿ. ನನ್ನನ್ನೂ ಟ್ಯಾಗ್ ಮಾಡಿ, ನಾನೂ ಕೇಳ್ತೀನಿ.